‘ಕೊಲೇಟ್ ಮಾಡಿ ಕಳಿಸಿ’ ಅಂದರೆ ಏನು ಮಾಡಬೇಕು?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಮೇಲ್ ಬಂತು. ಒಂದು ಕರಡು ನಿಯಮಾವಳಿಯ ಬಗ್ಗೆ ಐದು ವಿಭಾಗಗಳ ಅಭಿಪ್ರಾಯ ಕೇಳಲಾಗಿತ್ತು. ಬಂದ ಉತ್ತರಗಳನ್ನು ‘ಕೊಲೇಟ್’ ಮಾಡಿ ಶುಕ್ರವಾರದೊಳಗೆ ಕಳಿಸಬೇಕು ಎಂಬುದು ಆ ಮೇಲ್‌ನ ಒಕ್ಕಣೆ. ನಾನು ಬಂದ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಜಿಪ್ ಮಾಡಿ, ಬುಧವಾರವೇ ಕಳಿಸಿಬಿಟ್ಟೆ. ಸಂಜೆ ಮೇಲಧಿಕಾರಿ ಕರೆದರು. ಗದರಲಿಲ್ಲ, ಒಂದೇ ಪ್ರಶ್ನೆ ಕೇಳಿದರು: “ಏಳನೇ ನಿಯಮದ ಬಗ್ಗೆ ಯಾರು ಯಾರು ಏನು ಹೇಳಿದ್ದಾರಮ್ಮ?” ಉತ್ತರ ಕೊಡಬೇಕಾದರೆ ಎಲ್ಲ ಫೈಲುಗಳನ್ನೂ ಒಂದೊಂದಾಗಿ ತೆರೆದು ಹುಡುಕಬೇಕಾಯಿತು. ಹಾಗೆ ಹುಡುಕದೆಯೇ ಆ ಪ್ರಶ್ನೆಗೆ ಉತ್ತರ ಸಿಗುವಂತೆ ಮಾಡಿಡುವುದಕ್ಕೇ ಕೊಲೇಟ್ ಮಾಡುವುದು ಅನ್ನುತ್ತಾರೆ ಎಂದು ಅವತ್ತು ತಿಳಿಯಿತು.

ಕಚೇರಿಯ ಇಂಗ್ಲಿಷಿನಲ್ಲಿ ಈ ಪದ ದಿನಾ ಓಡಾಡುತ್ತದೆ. ‘ಕಲೆಕ್ಟ್’ ಎನ್ನುವುದಕ್ಕೆ ಇದು ಸ್ವಲ್ಪ ಗಂಭೀರವಾದ ರೂಪ ಎಂದುಕೊಂಡು ಬಳಸುವವರೇ ಹೆಚ್ಚು. ಹಾಗಲ್ಲ. ಇದರ ಹೊಟ್ಟೆಯೊಳಗೆ ಮೂರು ಕೆಲಸಗಳಿವೆ, ಮೂರಕ್ಕೂ ಕನ್ನಡದಲ್ಲಿ ಒಳ್ಳೆಯ ಮಾತುಗಳಿವೆ: ಕಲೆಹಾಕು, ತಾಳೆ ನೋಡು, ಓರಣವಾಗಿ ಜೋಡಿಸು. ಮೊದಲನೆಯದನ್ನು ಮಾತ್ರ ಮಾಡಿ ಕಳಿಸಿದರೆ ನಾನು ಕಳಿಸಿದ ಜಿಪ್ ಫೈಲಿನ ಕಥೆಯೇ ಆಗುತ್ತದೆ.

ಕಾಗುಣಿತ ಹೀಗೆ: ಸಿ, ಓ, ಎರಡು ಎಲ್, ಎ, ಟಿ, ಇ. ಉಚ್ಚಾರಣೆಯಲ್ಲಿ ಬ್ರಿಟಿಷರು ಎರಡನೇ ಭಾಗಕ್ಕೆ ಒತ್ತು ಕೊಡುತ್ತಾರೆ, ‘ಕಲೇಟ್’ ಎಂದು ಕೇಳಿಸುತ್ತದೆ. ಅಮೆರಿಕದಲ್ಲಿ ಮೊದಲ ಭಾಗಕ್ಕೆ ಒತ್ತು ಕೊಟ್ಟು ‘ಕೋಲೇಟ್’ ಎನ್ನುವವರೂ ಇದ್ದಾರೆ. ಎರಡೂ ಸರಿ.

ಪದದ ಬೇರು

ಲ್ಯಾಟಿನ್‌ನಲ್ಲಿ ‘ಫೆರ್ರೆ’ ಎಂದರೆ ಹೊರು, ತರು. ‘ಕಾನ್’ ಎಂದರೆ ಒಟ್ಟಿಗೆ. ಎರಡೂ ಸೇರಿ ‘ಕಾನ್‌ಫೆರ್ರೆ’, ಅಂದರೆ ಒಂದೆಡೆ ತಂದಿಟ್ಟು ಹೋಲಿಸು. ನಮ್ಮ ‘ತರು’ ಎಂಬುದು ಭೂತಕಾಲಕ್ಕೆ ಬಂದಾಗ ‘ತಂದ’ ಎಂದು ರೂಪ ಬದಲಿಸುವುದಿಲ್ಲವೇ, ‘ಫೆರ್ರೆ’ ಕೂಡ ಹಾಗೇ. ಅದರ ಭೂತಕೃದಂತ ಪೂರ್ತಿ ಬೇರೆಯಾಗಿ ‘ಲಾಟುಸ್’ ಎಂದಾಗುತ್ತದೆ. ‘ಕೊಲ್ಲಾಟುಸ್’ ಎಂದರೆ ಒಟ್ಟಿಗೆ ತಂದದ್ದು. ಅಲ್ಲಿಂದ ಬಂದದ್ದು ಕೊಲೇಟ್.

ಇದು ತಿಳಿದ ಮೇಲೆ ಇಂಗ್ಲಿಷಿನ ಕೆಲವು ಜೋಡಿಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ: ಟ್ರಾನ್ಸ್‌ಫರ್ ಮತ್ತು ಟ್ರಾನ್ಸ್‌ಲೇಟ್, ರೆಫರ್ ಮತ್ತು ರಿಲೇಟ್, ಕಾನ್ಫರ್ ಮತ್ತು ಕೊಲೇಟ್. ಪ್ರತಿ ಜೋಡಿಯೂ ಒಂದೇ ಕ್ರಿಯಾಪದದ ಎರಡು ರೂಪಗಳಿಂದ ಹುಟ್ಟಿದ್ದು. ವಿದ್ವತ್ ಲೇಖನಗಳ ಅಡಿಟಿಪ್ಪಣಿಯಲ್ಲಿ ‘ಸಿಎಫ್’ ಎಂಬ ಎರಡಕ್ಷರ ಕಂಡಿರುತ್ತೀರಿ. ಅದು ಲ್ಯಾಟಿನ್‌ನ ‘ಕಾನ್ಫರ್’ ಎಂಬುದರ ಸಂಕ್ಷಿಪ್ತ ರೂಪ, ‘ಹೋಲಿಸಿ ನೋಡಿ’ ಎಂದು ಅರ್ಥ. ಹೋಲಿಕೆಯ ಕೆಲಸ ಈ ಪದದ ಮೂಲದಲ್ಲೇ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಸಾಲದ ಅಡಮಾನಕ್ಕೆ ಹೇಳುವ ‘ಕೊಲ್ಯಾಟರಲ್’ ಇದರ ನೆಂಟನಲ್ಲ. ಅಲ್ಲಿರುವುದು ‘ಮಗ್ಗುಲು’ ಎಂಬ ಅರ್ಥದ ಬೇರೊಂದು ಲ್ಯಾಟಿನ್ ಪದ.

ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಗೌರವ ತಂದುಕೊಟ್ಟವರು ಹಸ್ತಪ್ರತಿಗಳನ್ನು ಓದುವ ವಿದ್ವಾಂಸರು. ಒಂದೇ ಗ್ರಂಥದ ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಸಾಲು ಸಾಲಾಗಿ ತಾಳೆ ನೋಡಿ, ಪಾಠಾಂತರಗಳನ್ನು ಗುರುತು ಮಾಡುವುದು ಅವರ ಕೊಲೇಷನ್. ಈ ಕೆಲಸ ಎಷ್ಟು ಶಿಸ್ತಿನಿಂದ ನಡೆಯಬಲ್ಲದು ಎಂಬುದಕ್ಕೆ ನನಗೆ ಮೊದಲು ನೆನಪಾಗುವುದು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ಮಹಾಭಾರತ ಪರಿಷ್ಕರಣ. 1919ರಲ್ಲಿ ಶುರುವಾಗಿ 1966ರಲ್ಲಿ ಮುಗಿದ ಕೆಲಸ ಅದು; 1,259 ಹಸ್ತಪ್ರತಿಗಳನ್ನು ಪರಿಶೀಲಿಸಿದರು. ಅಡ್ಡ ಉದ್ದ ಗೆರೆ ಎಳೆದ ಹಾಳೆಯ ಮೇಲ್ಸಾಲಿನಲ್ಲಿ ರೂಢಿಯ ಪಾಠವನ್ನು ಬರೆದುಕೊಳ್ಳುವುದು. ಅದರ ಕೆಳಗೆ ಪ್ರತಿಯೊಂದು ಹಸ್ತಪ್ರತಿಗೂ ಒಂದೊಂದು ಸಾಲು. ಯಾವ ಅಕ್ಷರದಲ್ಲಿ ವ್ಯತ್ಯಾಸವಿದೆಯೋ ಆ ಅಕ್ಷರದ ನೇರ ಕೆಳಗಿನ ಮನೆಯಲ್ಲಿ ಅದನ್ನು ತುಂಬುವುದು. ಕಣ್ಣನ್ನು ಮೇಲಿಂದ ಕೆಳಕ್ಕೆ ಇಳಿಸಿದರೆ ಆ ಅಕ್ಷರ ಪ್ರತಿಯಿಂದ ಪ್ರತಿಗೆ ಹೇಗೆ ಬದಲಾಗಿದೆ ಎಂಬುದು ಕಾಣುತ್ತದೆ. ಇಂದು ನಾವು ಸ್ಪ್ರೆಡ್‌ಶೀಟಿನಲ್ಲಿ ಮಾಡುವುದೂ ಇದನ್ನೇ.

ಯಂತ್ರವೊಂದರ ಸಹಾಯದಿಂದ ಇದೇ ಕೆಲಸ ಮಾಡಿದವರು ಅಮೆರಿಕದ ಚಾರ್ಲ್ಟನ್ ಹಿನ್ಮನ್. 1940ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ಕೊಲೇಟರ್‌ನಲ್ಲಿ ಒಂದೇ ಪುಟದ ಎರಡು ಪ್ರತಿಗಳು ಕನ್ನಡಿಗಳ ಮೂಲಕ ಒಂದರ ಮೇಲೊಂದು ಕೂತಂತೆ ಕಾಣುತ್ತಿದ್ದವು. ದೀಪಗಳು ಒಂದಾದ ಮೇಲೊಂದು ಹತ್ತಿ ಆರುವಾಗ ವ್ಯತ್ಯಾಸವಿರುವ ಅಕ್ಷರ ಮಾತ್ರ ಅಲುಗಾಡುತ್ತಿತ್ತು. ಷೇಕ್ಸ್‌ಪಿಯರ್‌ನ 1623ರ ಮೊದಲ ಫೋಲಿಯೊ (ಅವನ ನಾಟಕಗಳ ಮೊದಲ ಸಂಗ್ರಹ) ಪ್ರತಿಗಳನ್ನು ಅವರು ಹೀಗೆಯೇ ತಾಳೆ ನೋಡಿದರು.

ಕೆಲಸ ಮಾಡುವ ಕ್ರಮ

ನಿಮಗೂ ಅಂಥ ಮೇಲ್ ಬಂದಿದೆ ಎಂದುಕೊಳ್ಳಿ. ಹೀಗೆ ಮಾಡಿ.

ಮೊದಲು, ಬಂದ ಮೂಲ ಫೈಲುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಹಾಗೇ ಇಡಿ. ಅವುಗಳಲ್ಲಿ ಒಂದು ಅಲ್ಪವಿರಾಮವನ್ನೂ ತಿದ್ದಬೇಡಿ. ಯಾರಿಂದ ಬಂತು, ಯಾವತ್ತು ಬಂತು, ಎಷ್ಟನೇ ಆವೃತ್ತಿ ಎಂದು ಒಂದು ಪಟ್ಟಿ ಬರೆದುಕೊಳ್ಳಿ. ಒಂದೇ ವಿಭಾಗದಿಂದ ‘ಫೈನಲ್’, ‘ಫೈನಲ್ ಎರಡು’, ‘ಇದೇ ಫೈನಲ್’ ಎಂಬ ಮೂರು ಫೈಲು ಬರುವುದು ಹೊಸದೇನಲ್ಲ. ಯಾವುದನ್ನು ತೆಗೆದುಕೊಳ್ಳಬೇಕೆಂದು ಕಳಿಸಿದವರನ್ನೇ ಕೇಳಿ. ಫೈಲಿನ ಹೆಸರು ನೋಡಿ ಊಹಿಸಬೇಡಿ.

ಎರಡನೆಯದು ಬಹಳ ಜನ ಯೋಚಿಸದೆ ದಾಟಿಬಿಡುವ ಹೆಜ್ಜೆ: ಯಾವುದರ ಪ್ರಕಾರ ಜೋಡಿಸಬೇಕು? ವಿಭಾಗವಾರು ಜೋಡಿಸಿದರೆ ಬಂದದ್ದು ಬಂದ ಹಾಗೇ ಉಳಿಯುತ್ತದೆ, ಐದು ಫೈಲು ಒಂದು ಉದ್ದದ ಫೈಲಾಗುತ್ತದೆ ಅಷ್ಟೇ. ಓದುವವರು ಏನು ಕೇಳುತ್ತಾರೆ ಎಂದು ಯೋಚಿಸಿ. ‘ಏಳನೇ ನಿಯಮಕ್ಕೆ ಯಾರು ಏನು ಹೇಳಿದರು’ ಎಂದು ಕೇಳುವುದಾದರೆ ಅಡ್ಡಸಾಲುಗಳಲ್ಲಿ ನಿಯಮಗಳು ಬರಬೇಕು, ಕಂಬಸಾಲುಗಳಲ್ಲಿ ವಿಭಾಗಗಳು. ಎಡತುದಿಯ ಮೊದಲ ಕಂಬದಲ್ಲಿ ನಿಯಮದ ಮೂಲ ಪಾಠವನ್ನು ಪೂರ್ತಿ ಹಾಕಿ. ಅಭಿಪ್ರಾಯ ಯಾವುದರ ಬಗ್ಗೆ ಎಂದು ಕಣ್ಣಿಗೆ ಕಾಣದಿದ್ದರೆ ಓದುವವರು ಮತ್ತೆ ಕರಡನ್ನು ಹುಡುಕಿಕೊಂಡು ಹೋಗುತ್ತಾರೆ.

ಮೂರನೆಯದಾಗಿ, ಹೇಳಿದ್ದನ್ನು ಹೇಳಿದ ಮಾತಿನಲ್ಲೇ ತುಂಬಿ. ವಾಕ್ಯ ಉದ್ದವಾಗಿದೆ, ಭಾಷೆ ಒರಟಾಗಿದೆ ಎಂದು ತಿದ್ದಲು ಕೈ ತುರಿಸುತ್ತದೆ. ತಡೆದುಕೊಳ್ಳಿ. ಸಾರಾಂಶ ಬೇಕಿದ್ದರೆ ಕೊನೆಯಲ್ಲಿ ಅದಕ್ಕೇ ಒಂದು ಕಂಬ ಮಾಡಿ, ಅದು ನಿಮ್ಮ ಮಾತು ಎಂದು ಶೀರ್ಷಿಕೆಯಲ್ಲೇ ಬರೆಯಿರಿ.

ಖಾಲಿ ಮನೆಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಖಾಲಿ ಬಿಟ್ಟ ಒಂದು ಮನೆಗೆ ಮೂರು ಅರ್ಥ ಬರಬಹುದು. ಆ ವಿಭಾಗ ಇನ್ನೂ ಉತ್ತರವನ್ನೇ ಕಳಿಸಿಲ್ಲ; ಅಥವಾ ಉತ್ತರ ಕಳಿಸಿದೆ, ಈ ನಿಯಮದ ಬಗ್ಗೆ ಏನೂ ಹೇಳಿಲ್ಲ; ಅಥವಾ ತುಂಬಲು ನೀವೇ ಮರೆತಿದ್ದೀರಿ. ಸಭೆಯಲ್ಲಿ ಯಾರಾದರೂ ಅದನ್ನು ನೋಡಿ ‘ಇವರದ್ದು ಆಕ್ಷೇಪವಿಲ್ಲ’ ಎಂದುಬಿಟ್ಟರೆ, ಹೇಳದ ಒಪ್ಪಿಗೆ ದಾಖಲಾಗಿಬಿಡುತ್ತದೆ. ಹಾಗಾಗಿ ‘ಉತ್ತರ ಬಂದಿಲ್ಲ’, ‘ಈ ನಿಯಮದ ಬಗ್ಗೆ ಏನೂ ಹೇಳಿಲ್ಲ’, ‘ಒಪ್ಪಿಗೆ ಎಂದು ಬರೆದಿದ್ದಾರೆ’ ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆಯಿರಿ. ಒಂದು ಮನೆಯೂ ಬರಿದಾಗಿ ಉಳಿಯಬಾರದು.

ಈಗ ತಾಳೆ ನೋಡುವ ಘಟ್ಟ. ನನ್ನ ಆ ಏಳನೇ ನಿಯಮವನ್ನೇ ತೆಗೆದುಕೊಳ್ಳಿ. ‘ಅರ್ಜಿಯನ್ನು 30 ದಿನ ಮುಂಚೆ ಕೊಡತಕ್ಕದ್ದು’ ಎಂದು ಕರಡು ಹೇಳುತ್ತಿತ್ತು. ಮೊದಲ ವಿಭಾಗ, ‘15 ದಿನ ಸಾಕು’ ಎಂದಿತ್ತು. ಎರಡನೆಯದು ‘ಸರಿಯಿದೆ’ ಎಂದಿತ್ತು. ಮೂರನೆಯದು, ‘30 ಎಂದರೆ ಕೆಲಸದ ದಿನಗಳೋ, ರಜೆಯೂ ಸೇರಿಯೋ?’ ಎಂದು ಕೇಳಿತ್ತು. ನಾಲ್ಕನೆಯದು ಆ ನಿಯಮದ ಮಾತೇ ಎತ್ತಿರಲಿಲ್ಲ. ಐದನೆಯವರು ‘ನಮ್ಮದು ಏನೂ ಇಲ್ಲ’ ಎಂದು ಒಂದು ಸಾಲು ಬರೆದು ಮುಗಿಸಿದ್ದರು. ಒಂದೊಂದನ್ನೂ ಬಿಡಿಯಾಗಿ ಓದಿದಾಗ ಮೂರನೆಯವರದು ಒಂದು ಸಣ್ಣ ಸ್ಪಷ್ಟೀಕರಣದ ಪ್ರಶ್ನೆಯಂತೆ ಕಂಡಿತ್ತು. ಪಕ್ಕಪಕ್ಕ ಇಟ್ಟಾಗ ಬೇರೆಯೇ ಕಂಡಿತು: ಆ ಪ್ರಶ್ನೆಗೆ ಉತ್ತರ ಸಿಗುವ ತನಕ ಮೊದಲನೆಯವರ ‘15’ ಯಾವ ದಿನಗಳು, ಎರಡನೆಯವರು ‘ಸರಿಯಿದೆ’ ಎಂದದ್ದು ಯಾವುದಕ್ಕೆ, ಎರಡೂ ಗೊತ್ತಾಗುವಂತಿರಲಿಲ್ಲ. ಇಂಥದ್ದು ಕಾಣಲಿ ಎಂದೇ ಕೊಲೇಟ್ ಮಾಡುವುದು. ಕಂಡದ್ದನ್ನು ಗುರುತು ಮಾಡಿ, ಆದರೆ ನೀವೇ ತೀರ್ಮಾನ ಕೊಡಬೇಡಿ. ಯಾವ ಅಭಿಪ್ರಾಯ ಗೆಲ್ಲಬೇಕು ಎಂದು ನಿರ್ಧರಿಸುವುದು ಮುಂದಿನವರ ಕೆಲಸ.

ಅಂಕಿ, ತಾರೀಖು, ಹೆಸರುಗಳನ್ನು ಒಂದೇ ರೂಪಕ್ಕೆ ತರಬೇಕು. ‘03/04’ ಎಂದರೆ ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. ಒಬ್ಬರು ಸಾವಿರದ ಲೆಕ್ಕದಲ್ಲಿ, ಇನ್ನೊಬ್ಬರು ಲಕ್ಷದ ಲೆಕ್ಕದಲ್ಲಿ ಬರೆದಿರುತ್ತಾರೆ. ಇನಿಷಿಯಲ್ ಹಿಂದೆ ಮುಂದೆ ಆಗಿ ಒಬ್ಬರೇ ಇಬ್ಬರಾಗಿರುತ್ತಾರೆ. ಸಮ ಮಾಡುವಾಗ ಮೂಲ ರೂಪದ ಕಂಬವನ್ನು ಅಳಿಸದೆ ಪಕ್ಕದಲ್ಲಿ ಹೊಸ ಕಂಬ ಹಾಕಿ. ತಪ್ಪಿದರೆ ಹಿಂದಿರುಗಲು ದಾರಿ ಇರಬೇಕು.

ಕೊನೆಗೆ ಎಣಿಸಿ. ಮೊದಲ ವಿಭಾಗ 14 ಅಭಿಪ್ರಾಯ ಕಳಿಸಿದ್ದರೆ ನಿಮ್ಮ ಪಟ್ಟಿಯ ಆ ಕಂಬದಲ್ಲೂ 14 ಇರಬೇಕು. 13 ಇದ್ದರೆ ಒಂದು ಬಿದ್ದುಹೋಗಿದೆ, 15 ಇದ್ದರೆ ಒಂದು ಎರಡು ಸಲ ಬಂದಿದೆ. ಎರಡು ನಿಮಿಷದ ಕೆಲಸ, ಮಾಡುವವರು ಕಡಿಮೆ. ಎಣಿಸದೆ ಕಳಿಸಿದ್ದನ್ನು ನಾನು ಕೊಲೇಟ್ ಮಾಡಿದ್ದು ಎಂದು ಒಪ್ಪುವುದಿಲ್ಲ.

ವಾಕ್ಯದಲ್ಲಿ ಬಳಸುವ ಬಗೆ

ಇದು ಸಕರ್ಮಕ ಕ್ರಿಯಾಪದ, ಏನನ್ನು ಎಂಬುದಕ್ಕೆ ಉತ್ತರ ಬೇಕೇಬೇಕು. ಡೇಟಾ, ರೆಸ್ಪಾನ್ಸಸ್, ಎವಿಡೆನ್ಸ್, ರಿಪೋರ್ಟ್ಸ್, ಪೇಜಸ್: ಇಂಥವನ್ನು ಕೊಲೇಟ್ ಮಾಡುತ್ತಾರೆ. ಜನರನ್ನು, ಹಣವನ್ನು, ಸಾಮಾನುಗಳನ್ನು ಯಾರೂ ಕೊಲೇಟ್ ಮಾಡುವುದಿಲ್ಲ. ಎಲ್ಲಿಂದ ಎಂದು ಹೇಳಲು ‘ಫ್ರಮ್’, ಯಾವ ರೂಪಕ್ಕೆ ಎಂದು ಹೇಳಲು ‘ಇಂಟು’. ‘ವೀ ಕೊಲೇಟೆಡ್ ರೆಸ್ಪಾನ್ಸಸ್ ಫ್ರಮ್ ಫೈವ್ ಡಿಪಾರ್ಟ್‌ಮೆಂಟ್ಸ್ ಇಂಟು ಎ ಸಿಂಗಲ್ ಟೇಬಲ್’ ಎಂಬುದು ತಪ್ಪಿಲ್ಲದ ವಾಕ್ಯ. ಒಂದು ಪ್ರತಿಯನ್ನು ಇನ್ನೊಂದರೊಡನೆ ತಾಳೆ ನೋಡಿದೆ ಎನ್ನಲು ‘ವಿತ್’ ಬರುತ್ತದೆ. ಈ ಬಳಕೆ ಈಗ ಹೆಚ್ಚಾಗಿ ಗ್ರಂಥಸಂಪಾದಕರ ಬರಹದಲ್ಲಿ ಸಿಗುತ್ತದೆ. ‘ಕೊಲೇಟ್ ಟುಗೆದರ್’ ಎಂದು ಬರೆಯಬೇಡಿ, ‘ಒಟ್ಟಿಗೆ’ ಎಂಬುದು ಪದದೊಳಗೇ ಇದೆ. ಕೆಲಸಕ್ಕೆ ಕೊಲೇಷನ್, ಮಾಡುವವರಿಗೆ ಅಥವಾ ಮಾಡುವ ಯಂತ್ರಕ್ಕೆ ಕೊಲೇಟರ್.

ಕೊಲೇಷನ್ ಎಂಬುದಕ್ಕೆ ನಿಘಂಟಿನಲ್ಲಿ ‘ಲಘು ಊಟ’ ಎಂಬ ಅರ್ಥ ಕಂಡರೆ ಗಾಬರಿಯಾಗಬೇಡಿ. ಕ್ರೈಸ್ತ ಸಂನ್ಯಾಸಿ ಮಠಗಳಲ್ಲಿ ಸಂಜೆ ಹಿರಿಯ ಸಾಧಕರ ಸಂವಾದಗಳನ್ನು ಓದುವ ಪದ್ಧತಿಯಿತ್ತು, ಆ ಓದಿಗೆ ಈ ಹೆಸರಿತ್ತು. ಅದರ ಜೊತೆಗಿನ ಅಲ್ಪಾಹಾರಕ್ಕೂ ಅದೇ ಹೆಸರು ಅಂಟಿಕೊಂಡಿತು.

ಅಕ್ಕಪಕ್ಕದ ಪದಗಳಲ್ಲಿ ನಿಜವಾಗಿ ತೊಂದರೆ ಕೊಡುವವು ಎರಡು. ‘ಕಂಪೈಲ್’ ಎಂದರೆ ಬಿಡಿ ಸಾಮಗ್ರಿಯಿಂದ ಹೊಸದೊಂದನ್ನು ಕಟ್ಟುವುದು, ಉದಾಹರಣೆಗೆ ಒಂದು ಪಟ್ಟಿ, ಒಂದು ನಿಘಂಟು. ಅಲ್ಲಿ ತಾಳೆ ನೋಡಲೇಬೇಕೆಂದಿಲ್ಲ. ‘ಕನ್ಸಾಲಿಡೇಟ್’ ಎಂದರೆ ಎಲ್ಲವನ್ನೂ ಕರಗಿಸಿ ಒಂದು ಮಾಡುವುದು. ಐದು ವಿಭಾಗದ ಖರ್ಚು ಸೇರಿ ಒಂದು ಮೊತ್ತವಾಗುತ್ತದೆ, ಯಾರದ್ದು ಎಷ್ಟು ಎಂಬುದು ಮರೆಯಾಗುತ್ತದೆ. ಕೊಲೇಟ್ ಮಾಡಿದಾಗ ಪ್ರತಿ ಮಾತಿನ ಮೇಲೂ ಅದರ ಒಡೆಯರ ಹೆಸರು ಉಳಿದಿರಬೇಕು. ಈ ಒಂದು ಗುರುತು ಸಾಕು ಎರಡನ್ನೂ ಬೇರ್ಪಡಿಸಲು. ‘ಟ್ಯಾಬುಲೇಟ್’ ಎಂದರೆ ಕೋಷ್ಟಕಕ್ಕೆ ಹಾಕುವುದು, ‘ಕ್ಲಾಸಿಫೈ’ ಎಂದರೆ ಬಗೆ ಬಗೆಯಾಗಿ ವಿಂಗಡಿಸುವುದು, ಇವುಗಳಲ್ಲಿ ಗೊಂದಲವಿಲ್ಲ. ‘ಕೋರಿಲೇಟ್’ ಮಾತ್ರ ಕಿವಿಗೆ ಹತ್ತಿರವಾದರೂ ಅರ್ಥದಲ್ಲಿ ದೂರ. ಅದು ಎರಡು ಸಂಗತಿಗಳ ನಡುವಿನ ಸಂಬಂಧದ ಮಾತು.

ಕಚೇರಿ ಕನ್ನಡದಲ್ಲಿ ಇದಕ್ಕೆ ‘ಕ್ರೋಡೀಕರಿಸು’ ಎನ್ನುತ್ತಾರೆ. ‘ಕ್ರೋಡ’ ಎಂದರೆ ಎದೆ, ಮಡಿಲು. ಎಲ್ಲವನ್ನೂ ಮಡಿಲಿಗೆ ತುಂಬಿಕೊಳ್ಳುವುದು ಎಂಬ ಚಿತ್ರ ಚೆನ್ನಾಗಿದೆ, ಆದರೆ ತಾಳೆ ನೋಡುವ ಅಂಶ ಅದರಲ್ಲಿ ಕಾಣುವುದಿಲ್ಲ. ಅನುವಾದ ಮಾಡುವಾಗ ನಾನು ‘ಕ್ರೋಡೀಕರಿಸಿ ತಾಳೆ ನೋಡಿ’ ಎಂದು ಎರಡು ಪದ ಖರ್ಚು ಮಾಡುತ್ತೇನೆ. ಹಸ್ತಪ್ರತಿಯ ಸಂದರ್ಭವಾದರೆ ‘ಪ್ರತಿಗಳನ್ನು ತಾಳೆ ನೋಡು’ ಎಂದರೇ ಸಾಕು.

ಪ್ರಿಂಟರಿನ ಪೆಟ್ಟಿಗೆ

ಬಹುಪಾಲು ಜನ ಈ ಪದವನ್ನು ಮೊದಲು ನೋಡುವುದು ಪ್ರಿಂಟ್ ಕೊಡುವಾಗ, ಟಿಕ್ ಹಾಕುವ ಪುಟ್ಟ ಪೆಟ್ಟಿಗೆಯ ಪಕ್ಕದಲ್ಲಿ. 3 ಪುಟದ ದಾಖಲೆಗೆ 5 ಪ್ರತಿ ಬೇಕು ಎನ್ನಿ. ಟಿಕ್ ಇದ್ದರೆ 1, 2, 3 ಮತ್ತೆ 1, 2, 3 ಎಂದು ಒಂದೊಂದು ಪ್ರತಿಯೂ ಪೂರ್ತಿಯಾಗಿ ಹೊರಬರುತ್ತದೆ. ಟಿಕ್ ಇಲ್ಲದಿದ್ದರೆ ಮೊದಲ ಪುಟದ 5 ಹಾಳೆ, ಆಮೇಲೆ ಎರಡನೆಯದರ 5, ಆಮೇಲೆ ಮೂರನೆಯದರ 5. ಸಭೆಗೆ 12 ಪುಟದ 30 ಪ್ರತಿ ತೆಗೆಯುವಾಗ ಟಿಕ್ ತಪ್ಪಿದರೆ 360 ಹಾಳೆಗಳನ್ನು ಮೇಜಿನ ಸುತ್ತ 12 ಗುಡ್ಡೆ ಮಾಡಿ, ಒಂದೊಂದರಿಂದ ಒಂದು ಹಾಳೆ ಎತ್ತುತ್ತ 30 ಸುತ್ತು ಹಾಕಬೇಕು. ಹಿಂದೆ ಮುದ್ರಣಾಲಯಗಳಲ್ಲಿ ಕೈಯಿಂದ ಪುಟ ಜೋಡಿಸುವವರು ಇದನ್ನೇ ಮಾಡುತ್ತಿದ್ದರು. ಟಿಕ್ ತೆಗೆಯಬೇಕಾದ ಸಂದರ್ಭವೂ ಇದೆ: ತರಗತಿಯಲ್ಲಿ ಮೊದಲು ಒಂದನೇ ಪುಟವನ್ನು ಎಲ್ಲರಿಗೂ ಹಂಚಿ, ಅದು ಮುಗಿದ ಮೇಲೆ ಎರಡನೆಯದನ್ನು ಕೊಡುವುದಿದ್ದರೆ ಗುಡ್ಡೆಗಳೇ ಅನುಕೂಲ.

ಪುಸ್ತಕ ಕಟ್ಟುವವರ ಬಳಿ ಇದಕ್ಕೊಂದು ಸುಂದರ ಉಪಾಯವಿದೆ. ಹಲವು ಪುಟ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆಗೆ ಫಾರ್ಮು ಎನ್ನುತ್ತಾರೆ. ಮಡಚಿದ ಪ್ರತಿಯೊಂದು ಫಾರ್ಮಿನ ಬೆನ್ನಿನ ಮಡಿಕೆಯ ಮೇಲೆ ಒಂದು ಸಣ್ಣ ಕಪ್ಪು ಗುರುತು ಅಚ್ಚಾಗಿರುತ್ತದೆ, ಒಂದು ಫಾರ್ಮಿನಿಂದ ಮುಂದಿನದಕ್ಕೆ ಸ್ವಲ್ಪ ಕೆಳಗೆ. ಎಲ್ಲ ಸರಿಯಾಗಿ ಜೋಡಿಸಿದ್ದರೆ ಬೆನ್ನಿನ ಮೇಲೆ ಆ ಗುರುತುಗಳು ಮೆಟ್ಟಿಲಿನ ಹಾಗೆ ಓರೆಯಾಗಿ ಇಳಿಯುತ್ತವೆ. ಒಂದು ಫಾರ್ಮು ಬಿಟ್ಟುಹೋಗಿದ್ದರೆ, ಎರಡು ಸಲ ಸೇರಿದ್ದರೆ, ಹಿಂದುಮುಂದಾಗಿದ್ದರೆ ಮೆಟ್ಟಿಲು ಅಲ್ಲೇ ಮುರಿಯುತ್ತದೆ. ಪುಟ ತಿರುವದೆ, ಒಂದೇ ನೋಟದಲ್ಲಿ ಪುಸ್ತಕವಿಡೀ ಪರೀಕ್ಷೆಯಾಗಿಬಿಡುತ್ತದೆ.

ಡೇಟಾಬೇಸಿನ ಕೊಲೇಷನ್

1937ರಲ್ಲಿ ಐಬಿಎಂ ತಂದ 077 ಕೊಲೇಟರ್ ಯಂತ್ರವು ಕ್ರಮವಾಗಿರುವ ಎರಡು ಕಟ್ಟು ಪಂಚ್ ಕಾರ್ಡುಗಳನ್ನು (ತೂತುಗಳ ರೂಪದಲ್ಲಿ ಮಾಹಿತಿ ಇರುವ ರಟ್ಟಿನ ಚೀಟಿಗಳನ್ನು) ಹೋಲಿಸುತ್ತ ಒಂದು ಕಟ್ಟಾಗಿ ಬೆರೆಸುತ್ತಿತ್ತು. ಹೋಲಿಸಬೇಕಾದರೆ ಯಾವುದು ಮೊದಲು, ಯಾವುದು ನಂತರ ಎಂಬ ನಿಯಮ ಬೇಕು. ಈಗ ಡೇಟಾಬೇಸಿನಲ್ಲಿ ಆ ನಿಯಮಕ್ಕೇ ಕೊಲೇಷನ್ ಎಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ ತಲೆಯ ಮೇಲೆ ಎರಡು ಚುಕ್ಕೆಯಿರುವ ‘ಎ’ ಅಕ್ಷರ ‘ಝಡ್’ ಆದ ಮೇಲೆ ಬರುತ್ತದೆ, ಜರ್ಮನ್ ನಿಘಂಟಿನಲ್ಲಿ ಸಾದಾ ‘ಎ’ ಜೊತೆಗೇ ಕೂರುತ್ತದೆ. ಅಕ್ಷರ ಒಂದೇ ಆದರೂ ಭಾಷೆಗೆ ತಕ್ಕಂತೆ ಸರದಿ ಬೇರೆ.

ಕನ್ನಡದ ಪಟ್ಟಿ ಮಾಡುವವರಿಗೆ ಇದು ನೇರವಾಗಿ ತಟ್ಟುತ್ತದೆ. ನಮ್ಮ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಆದ ಮೇಲೆ ಕೊನೆಯದು ಳ. ಪ್ರತಿ ಅಕ್ಷರಕ್ಕೂ ಕಂಪ್ಯೂಟರಿಗಾಗಿ ಒಂದು ಸಂಖ್ಯೆ ಕೊಡುವ ಯೂನಿಕೋಡಿನ ಸಂಕೇತಸಂಖ್ಯೆಯಲ್ಲಿ ಮಾತ್ರ ಳ ಕೂತಿರುವುದು ಲ ಮತ್ತು ವ ನಡುವೆ. ಬರೀ ಸಂಕೇತಸಂಖ್ಯೆ ನೋಡಿ ಜೋಡಿಸುವ ತಂತ್ರಾಂಶಕ್ಕೆ ಪದಗಳನ್ನು ಕೊಟ್ಟರೆ ಬಲ, ಬಳೆ, ಬವಣೆ, ಬಸವ ಎಂಬ ಸರದಿ ಬರುತ್ತದೆ. ನಿಘಂಟಿನ ಕ್ರಮದಲ್ಲಿ ಬಲ, ಬವಣೆ, ಬಸವ ಆದ ಮೇಲೆ ಬಳೆ ಬರಬೇಕು. ನೂರಾರು ಹೆಸರುಗಳ ಪಟ್ಟಿಯಲ್ಲಿ ಳ ಇರುವವರೆಲ್ಲ ತಮ್ಮ ಜಾಗ ಬಿಟ್ಟು ಮೇಲೆ ಹೋಗಿರುತ್ತಾರೆ, ಹುಡುಕುವವರು ಕೆಳಗೆ ನೋಡಿ ಹೆಸರಿಲ್ಲ ಎಂದುಕೊಳ್ಳುತ್ತಾರೆ. ಕನ್ನಡ ಮಾಹಿತಿಯಿರುವ ಪಟ್ಟಿಯನ್ನು ಜೋಡಿಸುವ ಮುಂಚೆ ಈ ನಾಲ್ಕು ಪದಗಳನ್ನು ಹಾಕಿ ಒಮ್ಮೆ ಸಾರ್ಟ್ ಮಾಡಿ ನೋಡಿ. ‘ಬಳೆ’ ಎರಡನೆಯದಾಗಿ ಬಂದರೆ, ಸೆಟ್ಟಿಂಗಿನಲ್ಲಿ ಕೊಲೇಷನ್ ಎಂಬುದನ್ನು ಹುಡುಕಿ ಕನ್ನಡದ ನಿಯಮಕ್ಕೆ ಬದಲಿಸಿ, ಮತ್ತೆ ಸಾರ್ಟ್ ಮಾಡಿ.